ನಾಲ್ಕು ಜನರ ಹತ್ತಿರ ಕೇಳಿದ್ದು

“ಆ ಬೇರು ಮಾರೋ ವಿಧವೆನೇ ಕೊಲೆ ಮಾಡಿರೋದು,” ಎಂದ ಬಕ್ಕೇಶ್, ಲ್ಯಾಪ್‌ಟಾಪನ್ನು ಬಿಂದುವಿನ ಕಡೆ ತಿರುಗಿಸುತ್ತಾ.

ಪಿ.ಜೆ. ಬಡಾವಣೆಯ ಅವಳ ಮನೆಯ ಹಾಲ್‌ನಲ್ಲಿ ಇದು ಅವರ ಮೂರನೆಯ ಭಾನುವಾರ. ಹುಡುಗ ಹರಿಹರದವನು, ನೀರಿನ ಮೋಟರ್ ಅಂಗಡಿ. ಸಂಜೆಯೊಳಗೆ ಬಿಂದು ಹೂಂ ಅಂದರೆ ನಿಶ್ಚಿತಾರ್ಥ. ಸಂಕೋಚ ಮುರಿಯಲು ಅವನು ತಂದ ಗೇಮ್ ಅವಳಿಗೂ ಹಿಡಿಸಿತ್ತು. ಐನೂರು ವರ್ಷದ ಹಿಂದಿನ ಯುರೋಪಿನ ಯಾವುದೋ ಊರು, ಅಲ್ಲೊಂದು ಮಠ, ಮಠದಲ್ಲೊಂದು ಕೊಲೆ. ಊರವರನ್ನೆಲ್ಲ ಮಾತಾಡಿಸಿ ಕೊಲೆಗಾರರನ್ನು ತೋರಿಸಬೇಕು. ಯಾರ ಹೆಸರು ಹೇಳುತ್ತೇವೋ ಅವರ ತಲೆ ಹೋಗುತ್ತದೆ.

ಕಳೆದ ವಾರದವರೆಗೆ, ಅವನು ಯೋಚಿಸುವಾಗ ಕೆಳತುಟಿ ಕಚ್ಚುವುದನ್ನು ಕದ್ದು ನೋಡುತ್ತಾ ಅವಳು ಆಟವನ್ನೇ ಮರೆಯುತ್ತಿದ್ದಳು. ಇವತ್ತು ಅದೇ ತುಟಿ ನೋಡಿದರೆ ಮೈ ಉರಿಯುತ್ತಿತ್ತು.

“ಆಕೀನೇ ಅಂತ ಹೆಂಗೆ ಹೇಳ್ತೀರಿ?”

“ಊರೆಲ್ಲಾ ಹೇಳ್ತೈತಲ್ರಿ. ಹೊತ್ತಲ್ಲದ ಹೊತ್ತಿನಾಗೆ ಓಡಾಡ್ತಾಳಂತೆ.”

“ಆಕೀನ್ನ ಕೇಳಿದ್ರಾ?”

“ಕೇಳಿದ್ರೆ ನಿಜ ಹೇಳ್ತಾಳಾ?” ಎಂದವನೇ ಅವಳ ಹೆಸರು ಒತ್ತಿಬಿಟ್ಟ.

ವಿಧವೆಯ ತಲೆ ಉರುಳಿತು. ಜನ ನೋಡುತ್ತಾ ನಿಂತಿದ್ದರು. ಬಿಂದು ಲ್ಯಾಪ್‌ಟಾಪಿನಿಂದ ಮುಖ ತಿರುಗಿಸಿದಳು. ಆಟದ ಗೊಂಬೆಗಾಗಿ ಅಲ್ಲ. ಬೆಳಿಗ್ಗೆ ಟೇಲರ್ ಖೈರುನ್ನೀಸಾ ಅವಳ ಕಿವಿಯಲ್ಲಿ ಒಂದು ಮಾತು ಹಾಕಿದ್ದಳು. ಬಿಂದು ಕ್ಲಿನಿಕ್ ಕೆಲಸ ಮುಗಿಸಿ ಎಷ್ಟು ಗಂಟೆಗೆ ಬರುತ್ತಾಳೆ, ಯಾರ ಬೈಕಿನಲ್ಲಿ ಬರುತ್ತಾಳೆ ಎಂದು ಗಂಡಿನ ಕಡೆಯವರು ಯಾರೋ ಕೇಳಿಕೊಂಡು ಹೋದರಂತೆ. ರವಿಕೆಯ ಅಳತೆ ಬಲ್ಲವಳ ಹತ್ತಿರ ಬಂದು ನಡತೆಯ ಅಳತೆ ಕೇಳುವುದೇ? ಥೂ!

“ನಮ್ಮ ಟೇಲರ್ ಹತ್ರ ವಿಚಾರ್ಸಾಕೆ ಬಂದಿದ್ದು ನಿಮ್ಮ ಸೋದರಮಾವನಾ?”

ಅವನ ಮುಖ ಬಿಳಿಚಿತು. “ಇಲ್ಲ. ನಾನೇ.”

ಮಾವನಾಗಿದ್ದರೆ ಬೈದು ಮರೆಯಬಹುದಿತ್ತು.

“ಎದುರಿಗೆ ಕೂತು ನಗೋದು, ಹಿಂದಿನಿಂದ ಹೋಗಿ ಹಿಂಗೆ ಕೇಳೋದು! ನಿಮ್ಮನ್ನ ನೋಡಿದ್ರೆ ಹೇಸಿಗೆ ಆಗ್ತೈತೆ.”

“ನಿಮ್ಮನ್ನೇ ಕೇಳಾಕೆ ಭಯ ಆತು. ಬ್ಯಾರೆ ಯಾರೋ ಇದಾರೆ ಅಂದುಬಿಟ್ರೆ? ನೀವಂದ್ರೆ ನಂಗೆ ಅಷ್ಟು ಇಷ್ಟ.”

ಈ ಒಂದು ಮಾತಿಗೆ ಅವಳು ಮೂರು ಭಾನುವಾರ ಕಾದಿದ್ದಳು. ಬಂತು, ಎಂಜಲಾದ ಮೇಲೆ.

“ಹೋಗ್ರಿ,” ಎಂದಳು.

ಅಡುಗೆಮನೆಯಲ್ಲಿ ಅಮ್ಮ ಅನ್ನಪೂರ್ಣಮ್ಮ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು.

“ಈ ಸಂಬಂಧ ಬ್ಯಾಡಮ್ಮ.”

“ಯಾಕೇ? ಹರಿಹರದಾಗೆ ನಾಲ್ಕು ಜನರ ಹತ್ರ ಕೇಳಿಸೀವಿ. ಕುಡಿಯಂಗಿಲ್ಲ, ಯಾವ ಹುಡ್ಗೀರ ಸಹವಾಸಾನೂ ಇಲ್ಲ ಅಂದ್ರು. ನೀನೂ ಕೇಳಿ ನಕ್ಕೆಲ್ಲ?”

ನಕ್ಕಿದ್ದಳು, ಖುಷಿಯಿಂದಲೇ. ಅಷ್ಟೊತ್ತಿನ ಹೇಸಿಗೆ ಈಗ ಅವಳ ಕಡೆಗೇ ತಿರುಗಿತು.

ಹೊರಗೆ ಓಡಿ ಬಂದಳು. ಅವನು ಗೇಟಿನ ಬಳಿ ಬೈಕ್ ಸ್ಟಾರ್ಟ್ ಮಾಡದೆ ನಿಂತಿದ್ದ.

“ನಾವೂ ನಿಮ್ಮ ಬಗ್ಗೆ ಕೇಳಿಸಿದೀವಿ. ನಾಲ್ಕು ಜನರ ಹತ್ರ.”

“ಏನಂದ್ರು?”

“ಭಾಳ ಒಳ್ಳೇರು ಅಂದ್ರು. ಅವ್ರಿಗೇನೂ ಗೊತ್ತಿಲ್ಲ.”

ಅವನು ತಲೆ ತಗ್ಗಿಸಿದ. ಅವಳ ಸಿಟ್ಟು ಇಳಿದಿರಲಿಲ್ಲ. ಆದರೆ ಇವನು ಹೊರಟೇ ಹೋದರೆ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

“ಏನು ಕೇಳೋದಿದ್ರೂ ನನ್ನನ್ನೇ ಕೇಳ್ರಿ,” ಎಂದಳು.

“ಈಗ್ಲೇ ಕೇಳ್ಲಾ?”

“ಕೇಳ್ರಿ.”

ಯಾರ ಬೈಕಿನಲ್ಲಿ ಬರುತ್ತೀರಿ ಎಂದೇ ಕೇಳುತ್ತಾನೆಂದು ಅವಳು ಗಟ್ಟಿಯಾಗಿ ನಿಂತಳು.

“ನಿಮಗೆ ನಾನು ಇಷ್ಟನಾ?”

ಎರಡು ಮನೆಯವರೂ ಊರೆಲ್ಲ ವಿಚಾರಿಸಿದ್ದರು. ಇದನ್ನು ಮಾತ್ರ ಅವಳನ್ನು ಯಾರೂ ಕೇಳಿರಲಿಲ್ಲ.

“ಇಷ್ಟ,” ಎಂದಳು ಬಿಂದು, ಅಳುತ್ತಾ. “ಅದಕ್ಕೇ ಇಷ್ಟೊಂದು ಅಸಹ್ಯ ಆಗಿದ್ದು.”