ಗೋಡೆಯ ಮೇಲಿನ ಎರಡು ಖಾಲಿ ಚೌಕ

ಕಲ್ಲು ಧೊಪ್ಪೆಂದು ಹಿತ್ತಿಲ ಮಣ್ಣಿಗೆ ಬಿತ್ತು. ದ್ರಾಕ್ಷಾಯಣಿ ಪಾದದ ಮುಂದೆ ಪಾದ ಜೋಡಿಸುತ್ತ ಎಣಿಸಿಕೊಂಡು ಹೋದಳು. ಇಪ್ಪತ್ಮೂರು. ನಂಬಿಕೆಯಾಗದೆ ವಾಪಸ್ ಬಂದು ಇನ್ನೊಮ್ಮೆ ಎಣಿಸಿದಳು. ಆಗಲೂ ಇಪ್ಪತ್ಮೂರೇ.

"ನಿನ್ನೆ ಇಪ್ಪತ್ನಾಲ್ಕು, ಇವತ್ತು ಇಪ್ಪತ್ಮೂರು. ನೀನು ಗುಂಡನ್ನ ಮುಂದಕ್ಕೆ ಎಸೀತೀಯೋ ಹಿಂದಕ್ಕೋ?" ಎಂದ ಅಣ್ಣ ಶಶಿಕಿರಣ.

ದ್ರಾಕ್ಷಾಯಣಿ ಭುಜ ಉಜ್ಜಿಕೊಂಡು ಕೊಟ್ಟಿಗೆಯ ಗೋಡೆಯ ಹತ್ತಿರ ಹೋದಳು. ಅಲ್ಲಿ ಇದ್ದಿಲಿನಲ್ಲಿ ಚೌಕಗಳನ್ನು ಬರೆದಿದ್ದಳು, ದಿನಕ್ಕೊಂದು. ಇವತ್ತಿನ ಚೌಕದಲ್ಲಿ 23 ಎಂದು ಬರೆದಳು.

ಗುರುವಾರ ಅವಳ ಶಾಲೆಯಲ್ಲಿ ಗುಂಡು ಎಸೆತದ ಸೆಲೆಕ್ಷನ್ ಇತ್ತು. ಗೆದ್ದ ಒಬ್ಬಳೇ ಹುಡುಗಿಗೆ ಅರಸೀಕೆರೆಯಲ್ಲಿ ನಡೆಯುವ ತಾಲ್ಲೂಕು ಕ್ರೀಡಾಕೂಟದ ಬಸ್ಸು ಹತ್ತುವ ಅವಕಾಶ. ಕಡಿಮೆಯೆಂದರೂ ಆರು ಮೀಟರ್ ಎಸೆಯಬೇಕು ಎಂದು ಪಿ.ಟಿ. ಮೇಷ್ಟ್ರು ಜವರಪ್ಪ ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ದ್ರಾಕ್ಷಾಯಣಿ ಅಳೆದು ನೋಡಿದ್ದಳು. ಅವಳ ಪಾದದ ಲೆಕ್ಕದಲ್ಲಿ ಅದು ಇಪ್ಪತ್ತೆಂಟಕ್ಕಿಂತ ಒಂಚೂರು ಜಾಸ್ತಿ.

ಶಾಲೆಯ ಕಬ್ಬಿಣದ ಗುಂಡನ್ನು ಬೀರುವಿನಿಂದ ಹೊರಗೆ ಬಿಡುತ್ತಿರಲಿಲ್ಲ. ಹಾಗಾಗಿ ಹಳ್ಳದಿಂದ ಒಂದು ದುಂಡು ಕಲ್ಲು ತಂದು, ಜಾವಗಲ್ ಸಂತೆಯಲ್ಲಿ ತೂಕ ಹಾಕಿಸಿದ್ದಳು. ಸರಿಯಾಗಿ ಮೂರು ಕೆ.ಜಿ.

ಟ್ರೈನಿಂಗ್ ಅಣ್ಣನದು. ಅವನು ಒಂಬತ್ತನೇ ಕ್ಲಾಸು. ಹಾಲಿನ ಪುಡಿಯ ಎರಡು ಡಬ್ಬಿಗೆ ಸಿಮೆಂಟು ತುಂಬಿ, ನಡುವೆ ಪೈಪು ಸಿಕ್ಕಿಸಿ ಡಂಬೆಲ್ಸ್ ಮಾಡಿಕೊಂಡಿದ್ದ. ಪೇಪರಿನಿಂದ ಕತ್ತರಿಸಿದ ಬಾಡಿಬಿಲ್ಡಿಂಗ್ ಚಾರ್ಟ್ ಒಂದನ್ನು ಬಾಗಿಲಿಗೆ ಅಂಟಿಸಿದ್ದ. ಅದರಲ್ಲಿ ದಿನಕ್ಕೆ ಆರು ಮೊಟ್ಟೆ ಎಂದಿತ್ತು. ಮೊಟ್ಟೆ ಈ ಮನೆ ಹೊಸ್ತಿಲು ದಾಟಲ್ಲ ಎಂದು ಅಮ್ಮ ಹೇಳಿದ ಮೇಲೆ, ಅದನ್ನು ಹೊಡೆದುಹಾಕಿ 'ಹುರುಳಿ' ಎಂದು ಬರೆದಿದ್ದ. ಎತ್ತಿಗೆಂದು ಬೇಯಿಸುವ ಹಂಡೆಯಿಂದಲೇ ಇಬ್ಬರೂ ಒಂದೊಂದು ಬಟ್ಟಲು ತೆಗೆದು ಉಪ್ಪು ಹಾಕಿಕೊಂಡು ತಿನ್ನುತ್ತಿದ್ದರು.

"ಮೂವತ್ತು ಸಲ ಸಾಲ್ತಿಲ್ಲ ಕಣೇ. ನಾಳೆಯಿಂದ ಅರವತ್ತು ಸಲ ಎಸಿ. ಒಂದಿನಾನೂ ತಪ್ಪಿಸ್ಬಾರ್ದು," ಎಂದು ಹೇಳಿ ಶಶಿಕಿರಣ ಒಳಗೆ ಹೋದ.

ಒಂದು ದಿನವೂ ತಪ್ಪಿಸಬಾರದು. ದ್ರಾಕ್ಷಾಯಣಿ ಗೋಡೆ ನೋಡಿದಳು. ಎರಡು ಚೌಕ ಮಾತ್ರ ಖಾಲಿ ಇದ್ದವು. ಮೊದಲ ವಾರದ ಶನಿವಾರ, ಭಾನುವಾರ ಅಮ್ಮನ ಜೊತೆ ಹಳೇಬೀಡಿಗೆ, ಸೋದರತ್ತೆಯ ಮನೆಗೆ ಹೋಗಿದ್ದಳು. ಆ ಚೌಕಗಳನ್ನು ಕಂಡರೆ ಅವಳಿಗೆ ನಾಚಿಕೆಯಾಗುತ್ತಿತ್ತು.

ಖಾಲಿ ಚೌಕಗಳ ಹಿಂದೆ ಇಪ್ಪತ್ತೈದು ಇತ್ತು. ಮುಂದೆ ಇಪ್ಪತ್ತೇಳು.

ಇದ್ಯಾಕೆ ಹೀಗೆ? ಬರೆಯುವಾಗ ತಪ್ಪಿರಬಹುದು ಅಂದುಕೊಂಡಳು. ಆದರೆ ಇಪ್ಪತ್ತೇಳು ಬಂದ ದಿನ ತಾನು ಕುಣಿದಿದ್ದು ಚೆನ್ನಾಗಿ ನೆನಪಿತ್ತು. ಅಲ್ಲಿಂದ ಮುಂದೆ ಒಂದು ದಿನವೂ ಬಿಟ್ಟಿರಲಿಲ್ಲ. ಅಂಕಿಗಳು ಮೆಟ್ಟಿಲು ಇಳಿದಂತೆ ಇಳಿದಿದ್ದವು.

ಹಿಂದೆ ಯಾರೋ ಉಸ್ಸೆಂದರು. ತಿರುಗಿದರೆ ಎತ್ತು. ಎರಡೂ ಎತ್ತುಗಳು ಕಾಲು ಮಡಚಿ ಮಲಗಿ ಮೆಲುಕು ಹಾಕುತ್ತಿದ್ದವು. ತಾತ ರೇವಣಸಿದ್ದಪ್ಪ ಹುರುಳಿ ಹಂಡೆಯಲ್ಲಿ ಕೈಯಾಡಿಸುತ್ತ ಕೂತಿದ್ದ. ರಾಗಿ ಹೊಲಕ್ಕೆ ಕುಂಟೆ ಹೊಡೆಯುವ ಕೆಲಸ ಅರ್ಧ ಆಗಿತ್ತು. ಆದರೂ ಎತ್ತುಗಳಿಗೆ ಇವತ್ತು ರಜ.

"ತಾತ, ಇವತ್ತು ಯಾಕೆ ಕುಂಟೆ ಹೊಡೀಲಿಲ್ಲ?"

"ಸ್ವಾಮಾರ ಅಲ್ವೇನವ್ವ. ಬಸವಣ್ಣನ ದಿನ. ಎತ್ತಿನ ಹೆಗಲ ಮ್ಯಾಲೆ ನೊಗ ಇಡಬಾರ್ದು."

"ಇಟ್ರೆ ಏನಾಗುತ್ತೆ?"

ತಾತ ಹಂಡೆಯಿಂದ ಕೈ ತೆಗೆದು ಹೇಳಿದ. ಚಿಕ್ಕ ವಯಸ್ಸಿನಲ್ಲಿ ಒಂದು ಸಲ, ಮಳೆ ಬಿದ್ದ ಮಣ್ಣಿನ ಹದ ಹೋಗುತ್ತದೆ ಎಂದು ಹೆದರಿ, ಸೋಮವಾರವೂ ಬಿಡದೆ ಎರಡು ವಾರ ಉತ್ತಿದ್ದನಂತೆ. ಕೊನೆಗೆ ಒಂದು ಎತ್ತು ಸಾಲಿನಲ್ಲೇ ಮಲಗಿಬಿಟ್ಟಿತಂತೆ. ಬಾಲ ತಿರುಚಿದ. ಬಾರುಕೋಲಲ್ಲಿ ಹೊಡೆದ. ಅದು ಏಳಲಿಲ್ಲ.

"ಹುರುಳಿ ಹಾಕಿರ್ಲಿಲ್ವಾ?"

"ಎರಡರಷ್ಟು ಇಕ್ಕಿದ್ದೆ. ತಿಂದ್ರೆ ಆಯ್ತಾ? ತಿಂದಿದ್ದು ಮೈಗೆ ಹತ್ತಕ್ಕೆ ಒಂದಿನ ಬ್ಯಾಡ್ವಾ?"

ಮಂಗಳವಾರ ಅವು ಹೇಗೆ ಇರುತ್ತವೆ ಎಂದು ದ್ರಾಕ್ಷಾಯಣಿ ಕೇಳಿದಳು. ಬೆಳಿಗ್ಗೆ ಬಂದು ನೀನೇ ನೋಡು ಎಂದ ತಾತ.

ನೋಡಿದಳು. ಹಗ್ಗ ಬಿಚ್ಚಿದ್ದೇ ತಡ, ಎತ್ತುಗಳು ತಾತನನ್ನೇ ಎಳೆದುಕೊಂಡು ಹೊರಟವು. ತಲೆಗೆ ಸುತ್ತಿದ್ದ ಟವೆಲ್ಲು ಬಿದ್ದುಹೋಯಿತು. ಬೈಯುತ್ತ ಅವುಗಳ ಹಿಂದೆ ಓಡಿದ ತಾತನನ್ನು ನೋಡಿ ದ್ರಾಕ್ಷಾಯಣಿ ನಕ್ಕಳು. ಆಮೇಲೆ ಗೋಡೆಯ ಕಡೆ ನೋಡಿದಳು.

ಅವತ್ತು ಸಂಜೆ ಅವಳು ಕಲ್ಲು ಮುಟ್ಟಲಿಲ್ಲ.

"ಗುರುವಾರ ಸೆಲೆಕ್ಷನ್ ಇಟ್ಕೊಂಡು ಸುಮ್ನೆ ಕೂತಿದ್ದೀಯಲ್ಲ, ಸೋಂಬೇರಿ," ಎಂದ ಶಶಿಕಿರಣ. "ಸೋತು ಬಂದು ನನ್ನ ಹತ್ರ ಅಳ್ಬೇಡ."

ಅವನು ಹೇಳಿದ್ದೇ ನಿಜವಾದರೆ? ದ್ರಾಕ್ಷಾಯಣಿಗೆ ಗೊತ್ತಿರಲಿಲ್ಲ. ತಾನೇನು ಎತ್ತಾ? ಬುಧವಾರ ಸಂಜೆಯಂತೂ ಅಂಗೈ ತುರಿಸತೊಡಗಿತು. ಒಂದೇ ಒಂದು ಸಲ ಎಸೆದು ನೋಡೋಣ ಅನ್ನಿಸಿತು. ಎತ್ತಿಕೊಳ್ಳಬಾರದು ಎಂದು ಕಲ್ಲಿನ ಮೇಲೆಯೇ ಕೂತು ಹುರುಳಿ ತಿಂದಳು. ಗೋಡೆಯಲ್ಲಿ ಮತ್ತೆ ಎರಡು ಚೌಕ ಖಾಲಿ ಉಳಿದವು.

ಗುರುವಾರ ಮೊದಲು ಎಸೆದವಳು ಏಳನೇ ಕ್ಲಾಸಿನ ಚಿತ್ರಾ. ದ್ರಾಕ್ಷಾಯಣಿಗಿಂತ ಒಂದು ಗೇಣು ಎತ್ತರ. ಗುಂಡು ಗೆರೆ ದಾಟಿ ಬಿತ್ತು. ಆರು ಮೀಟರ್ ನಲವತ್ತು ಸೆಂಟಿಮೀಟರ್.

ಪ್ರತಿಯೊಬ್ಬರಿಗೂ ಮೂರು ಚಾನ್ಸ್. ದ್ರಾಕ್ಷಾಯಣಿಯ ಮೊದಲನೆಯದು ಗೆರೆಯ ಈಚೆ ಬಿತ್ತು. ಎರಡನೆಯದು ಗೆರೆಯ ಸುಣ್ಣವನ್ನೇ ಹಾರಿಸಿತು. ಮೂರನೆಯ ಸಲ ಭುಜದಲ್ಲಿ ನೋವಿಲ್ಲ ಎನ್ನುವುದು ಗಮನಕ್ಕೆ ಬಂತು. ಉಸಿರು ಬಿಗಿಹಿಡಿದು ತಳ್ಳಿದಳು. ಗುಂಡು ಗೆರೆಯ ಆಚೆ ಬಿತ್ತು.

ಮೇಷ್ಟ್ರು ಟೇಪು ಹಿಡಿದರು. ಆರು ಮೀಟರ್ ಹದಿನೈದು.

ಅರಸೀಕೆರೆ ಬಸ್ಸು ಚಿತ್ರಾಳ ಪಾಲಾಯಿತು. ಎಲ್ಲರೂ ಚಿತ್ರಾಳ ಸುತ್ತ ಸೇರಿದ್ದಾಗ ದ್ರಾಕ್ಷಾಯಣಿ ತನ್ನ ಗುಂಡು ಬಿದ್ದ ಗುಳಿಯವರೆಗೆ ಪಾದದ ಮುಂದೆ ಪಾದ ಇಟ್ಟು ಎಣಿಸಿದಳು. ಇಪ್ಪತ್ತೊಂಬತ್ತು.

"ಆರನೇ ಕ್ಲಾಸಿಗೇ ಗೆರೆ ದಾಟಿಸಿದೆಯಲ್ಲೇ. ಏನು ತಿಂತೀಯ?" ಎಂದರು ಮೇಷ್ಟ್ರು.

"ಎತ್ತಿನ ಹುರುಳಿ ಸರ್."

ಹುಡುಗಿಯರೆಲ್ಲ ಗೊಳ್ಳೆಂದರು. ಚಿತ್ರಾ ಮಾತ್ರ ನಗದೆ, ಹಸಿಯದೋ ಬೇಯಿಸಿದ್ದೋ ಎಂದು ಕೇಳಿದಳು.

ಮನೆಗೆ ಬಂದು ದ್ರಾಕ್ಷಾಯಣಿ ಗುರುವಾರದ ಚೌಕದಲ್ಲಿ 29 ಎಂದು ಬರೆದಳು. ಸೋತು ಬಂದೆ ಎಂದು ಅಣ್ಣನಿಗೆ ಹೇಳಿದಳು. ಅವನು ಗೋಡೆಯ ಹತ್ತಿರ ಬಂದು ಆ ಅಂಕಿಯ ಮೇಲೆ ಬೆರಳಾಡಿಸಿದ.

ಶುಕ್ರವಾರದಿಂದ ಅವಳು ಮತ್ತೆ ಕಲ್ಲು ಹಿಡಿದಳು.

ಸೋಮವಾರ ಸಂಜೆ ಶಶಿಕಿರಣ ಕೊಟ್ಟಿಗೆಗೆ ಬಂದಾಗ ಎತ್ತುಗಳು ಮೆಲುಕು ಹಾಕುತ್ತಿದ್ದವು. ದ್ರಾಕ್ಷಾಯಣಿ ಅವುಗಳ ಪಕ್ಕದಲ್ಲಿ ಕಾಲು ಚಾಚಿ ಕೂತು ಹುರುಳಿ ತಿನ್ನುತ್ತಿದ್ದಳು. ಗೋಡೆಯ ತುಂಬ ಮುಂದಿನ ತಿಂಗಳ ಚೌಕಗಳು. ಎಲ್ಲಾ ಸೋಮವಾರಗಳ ಮೇಲೂ ಈಗಲೇ ಗೀಟು ಹಾಕಿಯಾಗಿತ್ತು.

"ಇವತ್ತು ಎಸೆಯಲ್ವಾ?" ಎಂದ.

"ಇವತ್ತು ಸ್ವಾಮಾರ ಕಣೋ," ಎಂದು ಅವಳು ಬಟ್ಟಲನ್ನು ಅವನ ಕಡೆ ಸರಿಸಿದಳು.

ಶಶಿಕಿರಣ ಸ್ವಲ್ಪ ಹೊತ್ತು ಗೋಡೆ ನೋಡಿದ. ಆಮೇಲೆ ಕೈಯಲ್ಲಿದ್ದ ಸಿಮೆಂಟು ಡಬ್ಬಿಗಳನ್ನು ಕೆಳಗಿಟ್ಟು ಕೂತ.