ಒಂಚೂರು ಬರ್ರಿ ಇಲ್ಲಿ

“ಒಂಚೂರು ಬರ್ರಿ ಇಲ್ಲಿ.”

ದಿನಕ್ಕೆ ಹತ್ತು ಸಲವಾದರೂ ಅನುಸೂಯ ಹೀಗೆ ಕರೆಯುತ್ತಿದ್ದಳು. ಕರೆದ ಕೂಡಲೇ ಬಂದುಬಿಟ್ಟರೆ ಬಾಲರಾಜುವಿನ ಗತ್ತು ಏನಾಗಬೇಕು? ಕೈಲಿರುವ ಕೆಲಸ ಬಹಳ ದೊಡ್ಡದು ಎನ್ನುವ ಹಾಗೆ ಒಂದು ಗಳಿಗೆ ಬಿಗುಮಾನ ಮಾಡಿ, ಆಮೇಲೆ ಕೂತ ಕುರ್ಚಿಯನ್ನೇ ಉರುಳಿಸಿಕೊಂಡು ಬರುತ್ತಿದ್ದ. ಆ ಕುರ್ಚಿಯ ಚಕ್ರ ಕಿರ್ರೆಂದರೆ ಸಾಕು, ಅವಳಿಗೆ ನಗು ಬರುತ್ತಿತ್ತು.

ಹೊಸದುರ್ಗದ ಬಸ್ ಸ್ಟ್ಯಾಂಡ್ ಎದುರು, ಮಹಡಿಯ ಮೇಲೆ ಮುರುಗಪ್ಪನವರ ವಿಡಿಯೋ ಸ್ಟುಡಿಯೋ. ಮದುವೆ ಕ್ಯಾಸೆಟ್ಟುಗಳು ಹೋಗಿ ಸಿ.ಡಿ. ಬಂದಿದ್ದ ಕಾಲ, ಎರಡು ಸಾವಿರದ ಐದನೇ ಇಸವಿ. ಒಳಗೆ ಎರಡು ಕಂಪ್ಯೂಟರು, ಇಬ್ಬರು ಮನುಷ್ಯರು, ಇಬ್ಬರಿಗೂ ಸೇರಿ ಒಂದು ಟೇಬಲ್ ಫ್ಯಾನು. ಅದು ಒಮ್ಮೆ ಅವನ ಕ್ರಾಪು ಕೆದರಿ, ಇನ್ನೊಮ್ಮೆ ಅವಳ ದುಪಟ್ಟಾ ಹಾರಿಸಿ, ತಾನೇನೂ ಮಾಡಿಲ್ಲವೆಂಬಂತೆ ತಿರುಗುತ್ತಿತ್ತು.

ಸಿ.ಡಿ. ಶುರುವಾದಾಗ ಗಂಡು ಹೆಣ್ಣಿನ ಹೆಸರು ಹಾರಿ ಬಂದು ಕೂರುತ್ತದಲ್ಲ, ಹೂವಿನ ದಳ ಉದುರುತ್ತದಲ್ಲ, ಅದನ್ನೆಲ್ಲ ಮಾಡುವ ಸಾಫ್ಟ್‌ವೇರ್ ಕಲಿಯಲು ಅವಳು ಸೇರಿದ್ದು. ಮೊದಲ ದಿನ ಪರದೆ ನೋಡಿ ಎದೆ ಧಸಕ್ಕೆಂದಿತ್ತು. ಎಲ್ಲಿ ನೋಡಿದರೂ ಪುಟ್ಟ ಪುಟ್ಟ ಗುರುತು, ಗೆರೆ, ಬಾಕ್ಸು.

“ಹೆದರ್ಕಬ್ಯಾಡ್ರಿ,” ಎಂದಿದ್ದ, ದೃಶ್ಯ ಕತ್ತರಿಸಿ ಜೋಡಿಸುವ ಮಿಕ್ಸಿಂಗ್ ಕೆಲಸದ ಬಾಲರಾಜು. “ಕೆಳಗೆ ಉದ್ದಕ್ಕೆ ಐತಲ್ಲ, ಅದು ಟೈಮ್‌ಲೈನು. ಹೆಸರು ಈಗ ಎಲ್ಲೈತೆ? ಇಲ್ಲೊಂದು ಚುಕ್ಕಿ ಇಡ್ರಿ. ಆಮೇಲೆ ಎಲ್ಲಿಗೆ ಹೋಗ್ಬೇಕು? ಅಲ್ಲೊಂದು ಚುಕ್ಕಿ. ನಡುವಿನ ದಾರಿ ಕಂಪ್ಯೂಟರೇ ನೋಡ್ಕಂತದೆ.”

“ಅಷ್ಟೇನಾ?”

“ಎಲ್ಲಿಂದ, ಎಲ್ಲಿಗೆ ಅಂತ ಗೊತ್ತಿದ್ರೆ ಸಾಕು ಕಣ್ರಿ.” ಅಂದವನು ಪರದೆ ಬಿಟ್ಟು ಅವಳನ್ನು ನೋಡಿದ. ಅವಳು ಅವನನ್ನು ಬಿಟ್ಟು ಪರದೆಯನ್ನು ನೋಡಿದಳು. ಕಿವಿ ಮಾತ್ರ ಕೆಂಪಗಾಗಿತ್ತು.

ಮೂರು ತಿಂಗಳಲ್ಲಿ ಅವಳಿಗೆ ಎಲ್ಲಾ ಬಂತು, ಒಂದನ್ನು ಬಿಟ್ಟು. ಅಕ್ಷರದ ಬಣ್ಣ, ಅಳತೆ ಬದಲಿಸುವ ಬಾಕ್ಸು ಅವಳ ಪರದೆಯಲ್ಲಿ ಇರಲೇ ಇಲ್ಲ. ಬಾಲರಾಜು ಬರಬೇಕು, ಬಗ್ಗಿ ಕೈ ಅಡ್ಡ ಮಾಡಿಕೊಂಡು ಎರಡು ಕೀ ಒತ್ತಬೇಕು, ಆಗ ಬಾಕ್ಸು ಕಾಣುತ್ತಿತ್ತು. ಹೆಸರಿಗೆ ಅರಿಶಿನದ ಬಣ್ಣ ಹಚ್ಚಿ ಮತ್ತೆ ಕೀ ಒತ್ತಿದರೆ ಬಾಕ್ಸು ಮಾಯ.

“ನಂಗೂ ತೋರಿಸ್ರಿ. ಎಷ್ಟು ಸಲ ಅಂತ ಕರೀಲಿ?”

“ಅದಕ್ಕೆ ಲಾಕ್ ಐತ್ರಿ. ಪಾಸ್‌ವರ್ಡು ನನ್ನ ಬೆರಳಿಗೊಂದೇ ಗೊತ್ತಿರೋದು.”

ಅವಳು ನಂಬಿದಳು. ಸ್ಟುಡಿಯೋದ ಮಿಕ್ಸಿಂಗ್ ಸಾಫ್ಟ್‌ವೇರಿಗೆ ನಿಜವಾಗಿಯೂ ಬೆರಳುದ್ದದ ಒಂದು ಲಾಕ್ ಇತ್ತು; ಕಂಪ್ಯೂಟರಿನ ಹಿಂದೆ ಅದನ್ನು ಸಿಕ್ಕಿಸದಿದ್ದರೆ ತೆರೆಯುತ್ತಲೇ ಇರಲಿಲ್ಲ. ಇದಕ್ಕೂ ಇರಬಹುದು ಅಂದುಕೊಂಡಳು. ನಿಜ ಹೇಳಬೇಕೆಂದರೆ, ಆ ಲಾಕ್ ಇರಲಿ ಅಂತಲೇ ಅವಳಿಗೂ ಅನಿಸಿತ್ತು.

ಆಗ ಚಿತ್ರದುರ್ಗದ ಒಂದು ಕೇಬಲ್ ಚಾನೆಲ್‌ನವರು ಟೈಟಲ್ ಮಾಡುವವರನ್ನು ಹುಡುಕುತ್ತಿರುವುದು ತಿಳಿಯಿತು. ಟೆಸ್ಟಿಗೆ ಹೋಗುವ ವಿಷಯವನ್ನು ಅವಳು ಮನೆಯಲ್ಲಿ ಹೇಳುವುದಕ್ಕೂ ಮೊದಲು ಬಾಲರಾಜುವಿಗೆ ಹೇಳಿದಳು.

ಅವನು ಮೌಸ್ ತಿರುಗಿಸುತ್ತಲೇ ಹೇಳಿದ. “ಹೋಗ್ಬನ್ರಿ. ಒಳ್ಳೇದಾಗ್ತದೆ.”

“ಆ ಲಾಕಿಗೆ ಏನ್ಮಾಡ್ಲಿ?”

“ಅಲ್ಲಿ ಅವರೇ ತೆಗೆದುಕೊಡ್ತಾರೆ,” ಎಂದ. ಅವಳ ಮುಖ ನೋಡದೆ ಎಂದ.

ಚಾನೆಲ್‌ನ ಲಕ್ಷ್ಮೀಕಾಂತ್ ಒಳ್ಳೆಯ ಮನುಷ್ಯ. “ವಾರ್ತೆ ಅಂತ ಬರೀರಮ್ಮ. ಅಕ್ಷರ ಸಣ್ಣದಾಗಿ ಬಂದು, ದೊಡ್ಡದಾಗಿ, ಕೆಂಪಗೆ ನಿಲ್ಬೇಕು,” ಎಂದರು. ಅನುಸೂಯ ಚುಕ್ಕಿ ಇಟ್ಟಳು, ಅಕ್ಷರ ಸರಾಗವಾಗಿ ದೊಡ್ಡದಾಯಿತು. ಬಣ್ಣಕ್ಕೆ ಬಂದಾಗ ಕೈ ನಿಂತಿತು.

“ಸಾರ್, ಬಣ್ಣದ ಬಾಕ್ಸಿನ ಲಾಕ್ ಒಂಚೂರು ತೆಗೆದುಕೊಡ್ತೀರಾ?”

“ಯಾವ ಲಾಕ್?”

ಕೋಣೆಯಲ್ಲಿದ್ದ ನಾಲ್ಕೂ ಜನ ತಿರುಗಿ ನೋಡಿದರು. ಒಬ್ಬ ಗೊಳ್ಳೆಂದು ನಕ್ಕ. ಲಕ್ಷ್ಮೀಕಾಂತ್ ಬಂದು ಪರದೆಯ ಮೇಲ್ಗಡೆ ಬಾಕ್ಸುಗಳ ಹೆಸರಿದ್ದ ಒಂದು ಪಟ್ಟಿ ಇಳಿಸಿ, ಒಂದು ಹೆಸರಿನ ಮುಂದೆ ಟಿಕ್ ಹಾಕಿದರು. ಬಾಕ್ಸು ಬಂತು. ಟಿಕ್ ತೆಗೆದರು, ಹೋಯಿತು. “ಇದಕ್ಕೆ ಯಾವ ಲಾಕೂ ಇಲ್ಲಮ್ಮ. ಯಾರೋ ನಿಮ್ಮನ್ನ ಆಟ ಆಡ್ಸಿದಾರೆ. ಸರಿಯಾಗಿ ಕಲ್ತು ಹದಿನೈದು ದಿನ ಬಿಟ್ಟು ಬರ್ರಿ.”

ಬಸ್ಸು ಹೊಳಲ್ಕೆರೆ ದಾಟುವವರೆಗೂ ಅವಳು ಕಲ್ಲಿನ ಹಾಗೆ ಕೂತಿದ್ದಳು. ಆಮೇಲೆ ದುಪಟ್ಟಾ ಬಾಯಿಗೆ ಒತ್ತಿಕೊಂಡು ಅತ್ತಳು. ನಕ್ಕವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಪ್ರತಿ ಸಲ ಬಾಲರಾಜು ಪಕ್ಕಕ್ಕೆ ಬಂದು ಬಗ್ಗಿದಾಗ ಉಸಿರು ಬಿಗಿಹಿಡಿದು ಕೂರುತ್ತಿದ್ದ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಮಾರನೆಯ ದಿನ ಸ್ಟುಡಿಯೋಗೆ ಬಂದವಳೇ ಪಟ್ಟಿ ಇಳಿಸಿದಳು, ಟಿಕ್ ಹಾಕಿದಳು. ಬಾಲರಾಜುವಿನ ಮುಖ ಬಿಳಿಚಿಕೊಂಡಿತು.

“ಯಾಕೆ ಹಿಂಗ್ ಮಾಡಿದ್ರಿ?”

“ಎಲ್ಲಾ ಕಲ್ತರೆ ನೀವು ನನ್ನ ಕರಿಯಲ್ಲ ಅಂತ… ನೀವಂದ್ರೆ ನಂಗೆ ಜೀವ ಕಣ್ರಿ, ಅನುಸೂಯ.”

ಮೂರು ತಿಂಗಳಿಂದ ಈ ಒಂದು ಮಾತಿಗೆ ಅವಳು ಕಾದಿದ್ದಳು. ಬಂತು, ತಪ್ಪಿಗೆ ಸಮಜಾಯಿಷಿಯಾಗಿ ಬಂತು.

“ಟೆಸ್ಟಿಗೆ ಹೋಗ್ತೀನಿ ಅಂತ ಮೊದಲು ನಿಮಗೇ ಹೇಳಿದ್ದೆ. ಅವತ್ತಾದ್ರೂ ಹೇಳ್ಬೋದಿತ್ತಲ್ರಿ?”

“ಬಾಯಿಗೆ ಬಂದಿತ್ತು. ಹೇಳಿದ್ರೆ ನೀವು ಹೋಗೇಬಿಡ್ತೀರಿ ಅನ್ಸಿ ನುಂಗಿಬಿಟ್ಟೆ.”

ಅವಳು ಪರದೆಯ ಕಡೆ ತಿರುಗಿ ಕೂತಳು. ಹದಿನೈದು ದಿನ ಪಟ್ಟಿಯಲ್ಲಿದ್ದ ಒಂದೊಂದೇ ಹೆಸರಿಗೆ ಟಿಕ್ ಹಾಕಿ, ಏನು ಬರುತ್ತದೆಂದು ತಾನೇ ನೋಡಿದಳು. ಕೆಟ್ಟರೆ ಅಳಿಸಿ ಮತ್ತೆ ಮಾಡಿದಳು. ಒಂದು ಸಲವೂ ಕರೆಯಲಿಲ್ಲ. ಅವನು ಕರೆಗೆ ಕಾದು ಕಾದು ಮೌಸ್ ಹಿಡಿದೇ ಸುಮ್ಮನೆ ಕೂರುತ್ತಿದ್ದ. ಅವಳಿಗೆ ಅದು ಕಾಣುತ್ತಿತ್ತು. ಆದರೂ ಕರೆಯಲಿಲ್ಲ.

ಎರಡನೇ ಟೆಸ್ಟಿನಲ್ಲಿ ‘ವಾರ್ತೆ’ ಕೆಂಪಗೆ ಬಂದು ನಿಂತಿತು. ಕೆಲಸ ಸಿಕ್ಕಿತು.

ಸ್ಟುಡಿಯೋದಲ್ಲಿ ಕೊನೆಯ ಸಂಜೆ. ಹಿರಿಯೂರಿನ ಯಾರದೋ ಮದುವೆಯ ಟೈಟಲ್ ಮುಗಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡು, ಅನುಸೂಯ ಒಂದು ಗಳಿಗೆ ನಿಂತಳು.

“ಒಂಚೂರು ಬರ್ರಿ ಇಲ್ಲಿ.”

ಈ ಸಲ ಬಿಗುಮಾನ ಇರಲಿಲ್ಲ. ಕುರ್ಚಿ ಕಿರ್ರೆಂದು ಒಂದೇ ಉಸಿರಿಗೆ ಬಂತು. ಅವನ ಕಣ್ಣು ಹೊಳೆಯುತ್ತಿತ್ತು. “ಏನಾಗ್ಬೇಕಿತ್ರಿ?”

“ಏನೂ ಇಲ್ಲ. ಎಲ್ಲಾ ಬರ್ತದೆ ನಂಗೆ. ನೀವು ಅವತ್ತೇ ಎಲ್ಲಾ ಕಲಿಸಿಬಿಟ್ಟಿದ್ರೂ ನಾನು ಹಿಂಗೇ ಕರೀತಿದ್ದೆ ಬಾಲರಾಜು. ದಿನಾ ಕರೀತಿದ್ದೆ. ಅದೊಂದು ಹೇಳಿ ಹೋಗಾಣ ಅಂತ ಕರೆದೆ.”

ಅವಳು ಹೊರಟಳು. ಮೆಟ್ಟಿಲು ನಿಧಾನವಾಗಿ ಇಳಿದಳು, ಕೊನೆಯ ಮೆಟ್ಟಿಲಲ್ಲಿ ನಿಂತು ಕಿವಿಗೊಟ್ಟಳು. ಮೇಲೆ ಫ್ಯಾನು ತಿರುಗುತ್ತಿತ್ತು. ಕುರ್ಚಿ ತನ್ನ ಜಾಗಕ್ಕೆ ವಾಪಸ್ ಹೋದ ಸದ್ದು ಮಾತ್ರ, ಚಿತ್ರದುರ್ಗದ ಬಸ್ಸು ಹಾರ್ನ್ ಹೊಡೆಯುವವರೆಗೂ ಕೇಳಲಿಲ್ಲ.