ಕಿತ್ತಳೆ ಬಣ್ಣದ ಔಷಧಿ

ಪ್ರಯೋಗಶಾಲೆಯಲ್ಲಿ ಎಲ್ಲರೂ ಅವಳನ್ನು ಬೆನ್ನ ಹಿಂದೆ ಮೆಣಸಿನಕಾಯಿ ಎನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು. ಮುಖಕ್ಕೆ ಹೇಳುವ ಧೈರ್ಯ ಒಬ್ಬರಿಗೂ ಇಲ್ಲವಲ್ಲ ಎಂದು ಅವರನ್ನು ಇನ್ನಷ್ಟು ಕಡೆಗಣಿಸುತ್ತಿದ್ದಳು.

ತಾತ್ಸಾರ ಅವಳಿಗೆ ಹುಟ್ಟಿನಿಂದ ಬಂದದ್ದು. ಮೀಟಿಂಗಿನಲ್ಲಿ ತೂಕಡಿಸುವವರು, ಬಿಸ್ಕತ್ತು ತಿಂದ ಕೈಯಲ್ಲೇ ಫ್ರಿಜ್ ತೆಗೆಯುವವರು, ಉತ್ತರ ಗೊತ್ತಿಲ್ಲದಿದ್ದರೂ ತಲೆಯಾಡಿಸುವವರು, ಎಲ್ಲರೂ ಅವಳ ಲೆಕ್ಕದಲ್ಲಿ ಭೂಮಿಗೆ ಭಾರ. ಪ್ರೀತಿ ಪ್ರೇಮ ಎಂದು ಕಾರಿಡಾರಿನಲ್ಲಿ ಫೋನ್ ಹಿಡಿದು ಪಿಸುಗುಟ್ಟುವವರಂತೂ ಮನುಷ್ಯರ ಪಟ್ಟಿಯಲ್ಲೇ ಇರಲಿಲ್ಲ.

ಇಷ್ಟೆಲ್ಲ ಇದ್ದರೂ ಅವಳ ವಿಶೇಷ ಉರಿ ಮೇಲಿನ ಮಹಡಿಯ ಕೆಮಿಸ್ಟ್ ಮೇಲೆ. ಹೊಸ ಔಷಧಿ ತಯಾರಿಸುವವನು ಅವನು, ಅದು ಕೆಲಸ ಮಾಡುತ್ತದೋ ಇಲ್ಲವೋ ಅಳೆಯುವವಳು ಇವಳು. ಉದ್ದನೆಯ ಒಣಕಲು ಆಳು. ಕೋಟಿನ ತೋಳಿಗೆ ಸದಾ ಒಂದಲ್ಲ ಒಂದು ಬಣ್ಣದ ಕಲೆ. ಮಾತಾಡುವ ಮೊದಲು ಎಡಗಡೆಯ ಹುಬ್ಬನ್ನು ಮಾತ್ರ ಎತ್ತುವ ದುರಭ್ಯಾಸ ಬೇರೆ.

"ಏನು ಅಡುಗೆಯವರೇ, ಇವತ್ತೇನು ಕುದಿಸಿದ್ರಿ?"

ಹುಬ್ಬು ಏರಿತು. "ನಿಮಗೆ ಅರ್ಥ ಆಗೋವಂಥದ್ದೇನಲ್ಲ ಬಿಡಿ. ನೀವು ಬಟನ್ ಒತ್ತಿ, ಸಾಕು."

ಬಟನ್ ಒತ್ತುವುದಂತೆ! ಅವಳ ಕೆಲಸ ಏನೆಂದು ಆ ಮಹಾಶಯನಿಗೇನು ಗೊತ್ತು? ರಕ್ತದಲ್ಲಿ ಕೊಬ್ಬು ಹೊತ್ತು ತಿರುಗುವ ಸಣ್ಣ ಕಣಗಳಿವೆ. ಒಂದು ಕಣದ ಕೊಲೆಸ್ಟೆರಾಲನ್ನು ಎತ್ತಿ ಇನ್ನೊಂದಕ್ಕೆ ದಾಟಿಸುವ ಪ್ರೋಟೀನು ಒಂದಿದೆ, ಶುದ್ಧ ದಲ್ಲಾಳಿ. ಒಳ್ಳೆಯ ಕಣದಿಂದ ಕಿತ್ತು ಕೆಟ್ಟ ಕಣಕ್ಕೆ ತುಂಬುವುದೇ ಅದರ ಕಸುಬು. ಆ ಕೈಚಳಕ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅವಳು ಕೊಲೆಸ್ಟೆರಾಲಿಗೆ ಹೊಳೆಯುವ ಬಣ್ಣ ಅಂಟಿಸಿ, ಕೊಡುವ ಕಣದೊಳಗೆ ಒತ್ತೊತ್ತಾಗಿ ತುಂಬುತ್ತಿದ್ದಳು. ಕಿಕ್ಕಿರಿದ ಬಸ್ಸಿನಲ್ಲಿ ಯಾರೂ ಕೈ ಎತ್ತಲಾರರಲ್ಲ, ಹಾಗೆ ಅಷ್ಟು ಒತ್ತಾಗಿದ್ದಾಗ ಆ ಬಣ್ಣ ಹೊಳೆಯುವುದಿಲ್ಲ. ದಲ್ಲಾಳಿ ಅದನ್ನು ಪಕ್ಕದ ಕಣಕ್ಕೆ ದಾಟಿಸಿದರೆ ಜಾಗ ಸಿಕ್ಕು ಹಸಿರಾಗಿ ಬೆಳಗುತ್ತದೆ. ಯಂತ್ರ ನೀಲಿ ಬೆಳಕು ಬಿಟ್ಟು ಆ ಹಸಿರನ್ನು ಅಳೆಯುತ್ತದೆ. ಔಷಧಿ ದಲ್ಲಾಳಿಯ ಕೈ ಕಟ್ಟಿದರೆ ಎಲ್ಲವೂ ಕತ್ತಲಾಗಿಯೇ ಉಳಿಯಬೇಕು.

ಹೊಸ ಬ್ಯಾಚ್ ಕೊಡುವ ದಿನ ಕೆಮಿಸ್ಟ್ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳಿದ್ದ. "ಹಳೇದು ನೀರಿನ ಹಾಗಿತ್ತು. ಇದು ಕಿತ್ತಳೆ ಬಣ್ಣ ಬಂದಿದೆ. ಅಳೆಯುವಾಗ ಸ್ವಲ್ಪ ಪರೀಕ್ಷೆ ಮಾಡ್ಕೊಳ್ಳಿ."

"ಜ್ಯೂಸ್ ಅಂಗಡಿ ಯಾವಾಗ ತೆಗೀತೀರಾ ಹೇಳಿ, ಎಲ್ಲರೂ ಬರ್ತೀವಿ" ಎಂದಳು.

ಇಡೀ ಕೋಣೆ ನಕ್ಕಿತು. ಅವನ ಕಿವಿಗಳು ಕೆಂಪಾದವು. ಅವಳಿಗೆ ಪರಮಾನಂದ. ಆದರೆ ಆ ಕೆಂಪು ಕಿವಿಗಳು ಸಂಜೆಯವರೆಗೆ ಕಣ್ಣ ಮುಂದಿನಿಂದ ಹೋಗಲೇ ಇಲ್ಲ. ಅದಕ್ಕೂ ಅವನನ್ನೇ ಬೈದುಕೊಂಡಳು.

ಔಷಧಿ ಮಾತ್ರ ಅದ್ಭುತವಾಗಿ ಕೆಲಸ ಮಾಡಿತು. ಯಂತ್ರದ ಪರದೆಯ ಮೇಲೆ ಏರಬೇಕಿದ್ದ ಗೆರೆ ಏಳಲೇ ಇಲ್ಲ. ವಿಜ್ಞಾನದಲ್ಲಿ ತಮ್ಮ ಕುರ್ಚಿಯೊಂದನ್ನು ಬಿಟ್ಟು ಬೇರೇನೂ ತಿಳಿಯದ ಮುಖ್ಯಸ್ಥರು ಸುದ್ದಿಯನ್ನು ಊರಿಗೆಲ್ಲ ಸಾರಿದರು. ವರ್ಷ ವರ್ಷ ಗುತ್ತಿಗೆ ನವೀಕರಿಸಿಕೊಂಡು ಬಂದಿದ್ದ ಅವಳ ಕೆಲಸ ಕಾಯಂ ಆಗುತ್ತದೆಂದರು. ಮುಂದಿನ ಮೀಟಿಂಗಿನಲ್ಲಿ ಘೋಷಣೆಯೊಂದೇ ಬಾಕಿ.

ಮನೆಯಲ್ಲಿ ಅಕ್ಕ ಭಾವ ಇಬ್ಬರಿಗೂ ಖುಷಿ. ಭಾವನಿಗೆ ಕೊಲೆಸ್ಟೆರಾಲ್ ಇತ್ತು. "ನಿನ್ನ ಔಷಧಿ ಬರೋವರೆಗೂ ಬೆಣ್ಣೆ ಬಿಡಲ್ಲ" ಎಂದು ಬ್ರೆಡ್ಡಿಗೆ ಇನ್ನೊಂದು ಪದರ ಬಳಿದುಕೊಂಡರು.

"ಆ ಅಡುಗೆಯವನ ಮುಖ ನೋಡಬೇಕಿತ್ತು ಅಕ್ಕಾ. ಇಷ್ಟೆಲ್ಲ ಆದ್ರೂ ಸುಟ್ಟ ಬದನೆಕಾಯಿ ಹಾಗೆ ಇಟ್ಕೊಂಡಿದ್ದಾನೆ."

"ದಿನಾ ತಟ್ಟೆ ಮುಂದೆ ಕೂತ್ರೆ ಅವನದೇ ಪುರಾಣ" ಎಂದಳು ಅಕ್ಕ. "ಇಷ್ಟು ಹೊತ್ತು ಬೈಯೋಕೆ ಅವನು ಯಾರೇ ನಿನಗೆ?"

"ಯಾರೂ ಅಲ್ಲ" ಎಂದು ಅವಳು ತಟ್ಟೆ ತೊಳೆಯಲು ಎದ್ದಳು. ತಟ್ಟೆಯಲ್ಲಿ ಊಟ ಇನ್ನೂ ಅರ್ಧ ಉಳಿದಿತ್ತು.

ಮಾರನೆಯ ಮಧ್ಯಾಹ್ನ ಅವನು ಯಂತ್ರದ ಕೋಣೆಗೆ ಬಂದ. ಹುಬ್ಬು ಏರಲಿಲ್ಲ.

"ನನ್ನ ಮಾಲು ಇಷ್ಟು ಒಳ್ಳೇದಲ್ಲ. ಮಾಡಿದವನು ನಾನು, ನನಗೆ ಗೊತ್ತು. ಇವತ್ತು ಔಷಧೀನ ಮೊದಲು ಹಾಕ್ಬೇಡಿ. ಬೆಳಕು ಪೂರ್ತಿ ಏರ್ಲಿ. ಆಮೇಲೆ ಹಾಕಿ ನೋಡಿ."

ಅವನು ಹೇಳುತ್ತಿರುವುದು ಏನೆಂದು ಅವಳಿಗೆ ಕೂಡಲೇ ತಿಳಿಯಿತು. ಕಿತ್ತಳೆ ಬಣ್ಣಕ್ಕೆ ನೀಲಿ ಬೆಳಕನ್ನು ಹೀರುವ ಗುಣವಿದೆ. ದಾಟುವುದೆಲ್ಲ ದಾಟಿ ಮುಗಿದ ಮೇಲೆ ಔಷಧಿ ಹಾಕಿದರೂ ಹೊಳಪು ತಟ್ಟನೆ ಕುಸಿದರೆ, ಔಷಧಿ ಯಾರ ಕೈಯನ್ನೂ ಕಟ್ಟಿಲ್ಲ, ಬರೀ ಬೆಳಕನ್ನು ನುಂಗುತ್ತಿದೆ ಎಂದರ್ಥ. ಎಳೆ ಮಕ್ಕಳಿಗೂ ಹೊಳೆಯುವ ಪರೀಕ್ಷೆ. ಹಳೆಯ ಬ್ಯಾಚಿಗೆ ಅವಳೇ ಅದನ್ನು ಮಾಡಿದ್ದಳು. ಹೊಸದಕ್ಕೆ ಮಾಡಿರಲಿಲ್ಲ. ಮಾಡಿ ಎಂದವನು ಅವನು, ಅದಕ್ಕೇ ಮಾಡಿರಲಿಲ್ಲ.

ದೀಪ ಆರಿಸಿದ ಕೋಣೆಯಲ್ಲಿ ಇಬ್ಬರೂ ಒಂದೇ ಪರದೆಯ ಮುಂದೆ ಕೂತರು. ಗೆರೆ ನಿಧಾನವಾಗಿ ಏರುತ್ತಿತ್ತು. ಅವನು ಗೆರೆ ನೋಡಬೇಕಿತ್ತು, ಅವಳ ಕೈ ನೋಡುತ್ತಿದ್ದ. ಅವಳು ತಿರುಗಿದರೆ ಗೋಡೆ ನೋಡಿದ. ಅವಳು ಗೋಡೆ ನೋಡಿದಳು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಅಲ್ಲೇನಿದೆ?"

"ಏನಿಲ್ಲ. ನೀವು ಪೈಪೆಟ್ ಚೆನ್ನಾಗಿ ಹಿಡೀತೀರಾ."

"ಹೊಗಳಿದ್ರೆ ರಿಸಲ್ಟ್ ಬದಲಾಗಲ್ಲ."

ಗೆರೆ ಏರಿ ಮಟ್ಟಸವಾಗಿ ನಿಂತಿತು. ಅವಳು ಔಷಧಿ ಹಾಕಿದಳು. ಮೆಟ್ಟಿಲು ಜಾರಿದವರಂತೆ ಗೆರೆ ಒಂದೇ ಏಟಿಗೆ ಕೆಳಗೆ ಬಿತ್ತು.

ಅವಳು ಪೈಪೆಟ್ ಕೆಳಗಿಟ್ಟು ಕೇಳಿದಳು. "ನಿಮ್ಮದೂ ಗುತ್ತಿಗೆ ಕೆಲಸ. ಔಷಧಿ ಸತ್ರೆ ಅದೂ ಹೋಗುತ್ತೆ. ಗೊತ್ತಿದ್ದೂ ಬಂದ್ರಾ?"

"ಹೋಗುತ್ತೆ. ನಿಮ್ಮದು ಯಾಕೆ ಹೋಗ್ಬೇಕು? ಕೆಮಿಸ್ಟ್ ಕೊಟ್ಟ ಬ್ಯಾಚೇ ಕೆಟ್ಟಿತ್ತು ಅಂದ್ಬಿಡಿ. ನಾನು ಹೂಂ ಅಂತೀನಿ."

"ಯಾಕೆ ಅಂತೀರಾ?"

"ಈ ಕಟ್ಟಡದಲ್ಲಿ ಸರಿಯಾಗಿ ಅಳೆಯೋಕೆ ಬರೋದು ನಿಮಗೊಬ್ಬರಿಗೇ." ಅವನು ಎದ್ದ. "ಬಾಯೊಂದು ಹಾಳು."

ಅವನು ಹೋದ ಮೇಲೆ ಅವಳು ಅತ್ತಳು. ತನ್ನನ್ನು ಇಷ್ಟು ಚೆನ್ನಾಗಿ ನೋಡಿದವನನ್ನು ತಾನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ ಎಂದು ಅತ್ತಳು. ಜಗತ್ತಿನ ಮೇಲೆಲ್ಲ ಎಸೆದು ಮಿಕ್ಕಿದ ತಾತ್ಸಾರವನ್ನು ಅವತ್ತು ಮೊದಲ ಸಲ ತನಗೇ ಬಡಿಸಿಕೊಂಡಳು. ರುಚಿ ಹತ್ತಲಿಲ್ಲ.

ಮೀಟಿಂಗಿನಲ್ಲಿ ಕುಸಿದ ಗೆರೆಯನ್ನು ಗೋಡೆಯ ಮೇಲೆ ತೋರಿಸಿದಾಗ ಮುಖ್ಯಸ್ಥರ ಮುಖ ಹುಳಿ ಹಿಂಡಿದಂತಾಯಿತು. ಔಷಧಿ ಹೋಯಿತೆನ್ನುವುದಕ್ಕಿಂತ ತಾವು ಸಾರಿದ್ದು ಸುಳ್ಳಾಯಿತಲ್ಲ ಎಂಬ ಸಂಕಟ ಅದು. "ಯಾರದ್ರೀ ಇದು ತಪ್ಪು?"

"ಬ್ಯಾಚ್ ನನ್ನದು ಸರ್" ಎಂದು ಕೆಮಿಸ್ಟ್ ಎದ್ದ. "ತಪ್ಪೂ ನನ್ನದೇ."

"ಸುಳ್ಳು" ಎಂದಳು ಅವಳು.

"ಕೂತ್ಕೊಳ್ಳಮ್ಮ" ಎಂದರು ಮುಖ್ಯಸ್ಥರು, ದನಿ ತಗ್ಗಿಸಿ. "ಅವನೇ ಒಪ್ಕೊಳ್ತಿದ್ದಾನಲ್ಲ. ನಿನ್ನ ಕಾಯಂ ಆರ್ಡರಿಗೆ ಇವತ್ತು ನಾನು ಸಹಿ ಹಾಕ್ಬೇಕು, ಮರೀಬೇಡ."

ಕೂತರೆ ಎಲ್ಲವೂ ಉಳಿಯುತ್ತಿತ್ತು. ಅವನೂ ಅವಳತ್ತ ನೋಡಿ, ಕೂತ್ಕೊಳ್ಳಿ ಎಂದು ಕಣ್ಣಲ್ಲೇ ಬೇಡಿದ. ಆ ಬೇಡಿಕೆಯೇ ಅವಳನ್ನು ಕೆರಳಿಸಿತು.

"ಬಣ್ಣ ಇದೆ, ಪರೀಕ್ಷೆ ಮಾಡಿ ಅಂತ ಅವರು ಇದೇ ಕೋಣೆಯಲ್ಲಿ ಹೇಳಿದ್ರು. ಅವರು ಹೇಳಿದ್ರು ಅನ್ನೋ ಒಂದೇ ಕಾರಣಕ್ಕೆ ನಾನು ಮಾಡ್ಲಿಲ್ಲ. ತಮಾಷೆ ಮಾಡಿ ನಕ್ಕೆ. ನೀವೂ ನಕ್ರಿ ಸರ್, ಎಲ್ಲರಿಗಿಂತ ಜೋರಾಗಿ."

ಮುಖ್ಯಸ್ಥರು ಸಹಿಗೆಂದು ತೆಗೆದಿಟ್ಟಿದ್ದ ಪೆನ್ನನ್ನು ಜೇಬಿಗೆ ಸೇರಿಸಿದರು. "ಹಾಗಾದ್ರೆ ನಿಮ್ಮಿಬ್ಬರ ಗುತ್ತಿಗೇನೂ ಇಲ್ಲಿಗೆ ಮುಗೀತು" ಎಂದರು.

ಮೆಟ್ಟಿಲ ತಿರುವಿನಲ್ಲಿ ಅವನು ಸಿಡಿದ. "ಯಾರ್ರೀ ನಿಮ್ಮನ್ನ ಕೇಳಿದ್ದು? ಒಬ್ಬರಾದ್ರೂ ಉಳೀಬಹುದಿತ್ತು!"

"ನಿಮಗೋಸ್ಕರ ಹೇಳ್ದೆ ಅಂದ್ಕೊಂಡ್ರಾ? ಅಷ್ಟು ಬೆಲೆ ಇಲ್ಲ ನಿಮಗೆ. ಅಳತೆ ನನ್ನದು. ಅದರ ತಪ್ಪನ್ನ ಇನ್ನೊಬ್ಬರು ಎತ್ಕೊಂಡು ಹೋಗೋದು ನನಗೆ ಇಷ್ಟ ಇಲ್ಲ."

"ಸರಿ. ಮತ್ತೆ ನನ್ನ ತೋಳು ಯಾಕೆ ಹಿಡ್ಕೊಂಡಿದೀರಾ?"

ಅವಳು ಕೆಳಗೆ ನೋಡಿದಳು. ಹೌದು, ಹಿಡಿದಿದ್ದಳು. ಮೀಟಿಂಗಿನ ಬಾಗಿಲಿನಿಂದ ಅಲ್ಲಿಯವರೆಗೂ ಹಿಡಿದುಕೊಂಡೇ ಬಂದಿದ್ದಳು. ಬೆರಳುಗಳಿಗೆ ಬಿಡುವ ಮನಸ್ಸಿರಲಿಲ್ಲ.

"ಬಿಟ್ರೆ ಹೋಗ್ತೀರಾ" ಎಂದಳು. "ನೀವು ಹೋದ್ಮೇಲೆ ನಾನು ಯಾರನ್ನ ಬೈಕೊಂಡು ಬದುಕ್ಲಿ? ಉಳಿದವರು ಬೈಯೋಕೂ ಲಾಯಕ್ಕಿಲ್ಲ."

ಅವನು ಅವಳ ಮುಖವನ್ನೇ ನೋಡಿದ. ಕೋಪ ಇಳಿದು ಕಿವಿ ಕೆಂಪೇರುವುದನ್ನು ಅವಳು ಹತ್ತಿರದಿಂದ ಕಂಡಳು. ಮುಟ್ಟಬೇಕೆನಿಸಿತು.

"ನಾಳೆಯಿಂದ ನನಗೆ ಕೆಲಸ ಇಲ್ಲ" ಎಂದ ಮೆಲ್ಲಗೆ. "ಕೆಲಸ ಇಲ್ಲದವನನ್ನ ಇಟ್ಕೊಂಡು ಏನು ಮಾಡ್ತೀರಾ?"

"ಮದುವೆ ಆಗ್ತೀನಿ. ಬೇರೆ ಯಾರು ಆಗ್ತಾರೆ ನಿಮ್ಮನ್ನ?"

ಅವನು ಮೆಟ್ಟಿಲ ಮೇಲೆ ಧೊಪ್ಪನೆ ಕೂತುಬಿಟ್ಟ. ಇದಕ್ಕೇ ಇಷ್ಟು ಸುಸ್ತಾದರೆ ಮುಂದೆ ಹೇಗೆ ಎಂದು ಗೊಣಗುತ್ತ, ಸ್ವಲ್ಪ ಸರಿಯಿರಿ ಎಂದು ಗದರಿ, ಅವಳೂ ಪಕ್ಕದಲ್ಲಿ ಕೂತಳು.